ಅಪ್ಪ ಉಸಿರೆಳೆದ ಜಾಗ

ಭಾನುವಾರ, ನವೆಂಬರ್ ೯

ಆ ಲ್ಯಾಟಿನ್ ಸ್ತೋತ್ರದ ಮೂರನೇ ಸಾಲು ಇನ್ನೂ ಕಿವಿಯಿಂದ ಹೋಗುತ್ತಿಲ್ಲ.

ಅಲ್ಲಿ ಒಂದು ಪದದ ನಡುವೆಯೇ ನಾವು ಉಸಿರೆಳೆಯುತ್ತೇವೆ. ಅಚ್ಚಿನ ಪುಸ್ತಕದ ಪ್ರಕಾರ ಅದು ತಪ್ಪು. ನಲವತ್ತು ವರ್ಷ ಗಾನವೃಂದ ನಡೆಸಿದ ಅಪ್ಪನಿಗೆ ಉಬ್ಬಸವಿತ್ತು, ಒಂದೇ ಉಸಿರಿಗೆ ಆ ಸಾಲು ಮುಗಿಯುತ್ತಿರಲಿಲ್ಲ. ಅವನಿಂದ ಹಾಡು ಕಲಿತವರೆಲ್ಲ ಉಬ್ಬಸವನ್ನೂ ಕಲಿತರು!

"ಹಳೇದನ್ನ ಉಳಿಸ್ಕೊಳ್ಳೋದೇ ಆದ್ರೆ ಸರಿಯಾಗಿ ಉಳಿಸ್ಕೊಳ್ಳಿ, ಟೀಚರ್" ಎಂದರು ಹೊಸ ಫಾದರ್. ಒಪ್ಪಿಕೊಂಡು, ಅಪ್ಪನ ನಂತರ ನಾನು ನಡೆಸುತ್ತಿರುವ ಗಾನವೃಂದದ ಹನ್ನೊಂದು ಜನರನ್ನು ತಿಂಗಳಿಡೀ ತಿದ್ದಿದೆ. ಅವರಲ್ಲಿ ದಪ್ಪ ದನಿಯ ದರ್ಜಿ ಮಾತ್ರ ಗೊಣಗಿದ: "ನಿಮ್ಮಪ್ಪ ಕಲ್ಸಿದ್ದನ್ನ ನೀವೇ ಅಳಿಸ್ತಿದ್ದೀರಲ್ಲ."

ಇವತ್ತು ಪೂಜೆಯಲ್ಲಿ, ಮೇಲಿನ ಅಟ್ಟದಲ್ಲಿ ನಿಂತ ಆ ಹನ್ನೊಂದು ಜನ ಆ ಜಾಗವನ್ನು ನಿಲ್ಲದೆ ದಾಟಿದರು. ಕೆಳಗೆ ನಮ್ಮ ಜೊತೆ ಹಾಡುತ್ತಿದ್ದ ಜನ ದಾಟಲಿಲ್ಲ. ಇಡೀ ಚರ್ಚು ಒಟ್ಟಿಗೆ ಉಸಿರೆಳೆದುಕೊಂಡಿತು. ಆರ್ಗನ್ ಮೇಲಿದ್ದ ನನ್ನ ಕೈ ತಾನಾಗಿ ನಿಂತು ಅವರಿಗಾಗಿ ಕಾಯಿತು.

ಆಮೇಲೆ ಫಾದರ್ ಮೆಟ್ಟಿಲು ಹತ್ತಿ ಬಂದು, ಕಳ್ಳನ ಹಾಗೆ ಮೆಲ್ಲಗೆ ಹೇಳಿದರು: "ನಾನೂ ಅಲ್ಲೇ ಉಸಿರು ತಗೊಂಡ್ಬಿಟ್ಟೆ."

ಅಪ್ಪ ಹೋಗಿ ಹನ್ನೆರಡು ವರ್ಷವಾಯಿತು. ಕೊನೆಯ ದಿನ ಒಂದೇ ಒಂದು ಉಸಿರಿಗಾಗಿ ಒದ್ದಾಡಿದವನು. ಇವತ್ತು ಇನ್ನೂರು ಜನ ಅದನ್ನು ಅವನಿಗಾಗಿ ಎಳೆದುಕೊಂಡರು.