ಗೋಡೆಗೆ ಒರಗಿದ ಕೋಲುಗಳು

ಏಪ್ರಿಲ್ 6, ಬೆಳಿಗ್ಗೆ

ಇವತ್ತೂ ಬೆಟ್ಟದ ಬುಡದಲ್ಲಿ ಕೂತೆವು. ಸೂಫ್ರಿಯೇರ್ ಜ್ವಾಲಾಮುಖಿ ಹೊಗೆ ಕಕ್ಕಲು ಶುರುಮಾಡಿದಾಗಲೇ ನಮ್ಮ ಗೈಡ್‌ಗಳ ಸಂಘ ತೀರ್ಮಾನಿಸಿದೆ — ಮುಷ್ಕರ, ಯಾರನ್ನೂ ಹತ್ತಿಸುವುದಿಲ್ಲ. ಬಿದಿರುಕೋಲುಗಳೆಲ್ಲ ಮಿಸ್ ಆಟ್ಲಿಯ ರಮ್ ಅಂಗಡಿ ಗೋಡೆಗೆ ಒರಗಿವೆ. ಹತ್ತುವವರು ಒಂದೊಂದು ಒಯ್ಯಬೇಕು, ಇಳಿದು ತಂದಿಡಬೇಕು. ಕೋಲು ವಾಪಸಾಗಿಲ್ಲ ಎಂದರೆ ಜನ ಮೇಲಿದ್ದಾರೆ. ಹುಡುಕಲು ನಾವು ಹೋಗಬೇಕು. ಅಜ್ಜನ ಕಾಲದ ಕಟ್ಟಳೆ.

ಹೋಟೆಲಿನ ವ್ಯಾನ್ ಬಂತು. ಡ್ರೈವರ್ ನನ್ನ ಗಂಡ ಆಲ್ಬನ್. ನನ್ನ ಕಡೆ ನೋಡಲಿಲ್ಲ. ಮೂವರು ಪ್ರವಾಸಿಗಳು — ಗಂಡ, ಹೆಂಡತಿ, ಆಕೆಯ ತಮ್ಮ. ತಮ್ಮನ ಕೊರಳಲ್ಲಿ ಭಾರೀ ಕ್ಯಾಮೆರಾ.

"ಬೆಟ್ಟಕ್ಕೂ ಸೇರಿಸಿ ದುಡ್ಡು ಕಟ್ಟಿದ್ದೀವಿ," ಎಂದ ತಮ್ಮ.

"ಯಾರಿಗೆ ಕಟ್ಟಿದ್ರಿ?" ನಮ್ಮಲ್ಲಿ ಹಿರಿಯ ಗೈಡ್ ಅಂಕಲ್ ಕ್ಲೀವ್ ಕೇಳಿದ.

"ಹೋಟೆಲ್‌ಗೆ."

"ಹಂಗಾದ್ರೆ ಹೋಟೆಲ್ ಹತ್ತಿ ಸಾರ್. ಅಲ್ಲಿ ಮೆಟ್ಲೂ ಇದೆ."

ನಕ್ಕೆವು. ಆ ಹೆಂಗಸೂ ನಕ್ಕಳು.

ಏಪ್ರಿಲ್ 7

ಹೋಟೆಲ್ ಮ್ಯಾನೇಜರನ ಅಪ್ಪಣೆ — ಅತಿಥಿಗಳು ಕೇಳಿದರೆ ಅದು ಹೊಗೆಯಲ್ಲ, ಮೋಡ ಅನ್ನಬೇಕು. ಗಂಧಕದ ನಾತಕ್ಕೆ ಏನು ಹೆಸರಿಡುತ್ತಾನೋ. ಉರಿಯುವುದು ನಮ್ಮ ಗಂಟಲು. ಬುಕಿಂಗ್ ಅವನದು.

ಸಂಜೆ ಸುಟ್ಟ ದೀವಿಹಲಸು, ಉಪ್ಪುಮೀನು. ನಾನೂ ಆಲ್ಬನ್ನೂ ಊಟಕ್ಕೆ ಕೂತೆವು.

"ನೀನೇ ಅವರನ್ನ ಹತ್ತಿಸು, ಇಲ್ಲಾಂದ್ರೆ ವ್ಯಾನ್ ಕೀ ಇಟ್ಟು ಹೋಗು ಅಂದ ಮ್ಯಾನೇಜರ್," ಎಂದ ಆಲ್ಬನ್.

"ಇಟ್ಟು ಬಾ."

"ನಿಂಗೇನು, ಸಂಘ ಇದೆ. ನಂಗ್ಯಾರಿದಾರೆ?"

"ನಾನಿಲ್ವಾ?"

"ನೀನು ಅಂಗಡಿ ಮುಂದೆ ಇರ್ತೀಯ ವೆರ್ಲಿನ್. ಮನೇಲಿ ಎಲ್ಲಿರ್ತೀಯ?"

ತಟ್ಟೆ ತಳ್ಳಿ ಎದ್ದೆ. ಆಮೇಲೆ ಅವನೇ ಬಂದು, "ಹೋಗಲ್ಲ ಬಿಡು," ಎಂದ. ನಂಬಿದೆ.

ಏಪ್ರಿಲ್ 9, ಬೆಳಿಗ್ಗೆ

ನೆಲ ನಡುಗಿತು. ರೇಡಿಯೋದಲ್ಲಿ ಆಜ್ಞೆ — ಬೆಟ್ಟದ ಸುತ್ತಿನ ಹಳ್ಳಿಗಳೆಲ್ಲ ಖಾಲಿ ಮಾಡಬೇಕು. ಕ್ಲೀವ್ ಗೋಡೆ ನೋಡಿದ. ಒಂದು ಕೋಲೂ ಕದಲಿಲ್ಲ. "ಮೇಲೆ ಯಾರೂ ಇಲ್ಲ. ಬಸ್ ಹತ್ತಿ," ಎಂದ. ಹತ್ತಿದೆವು.

ತಿರುವಿನಲ್ಲಿ ಬಾಳೆತೋಟದ ಮರೆಗೆ ಹೋಟೆಲಿನ ವ್ಯಾನ್. ಬಸ್ ನಿಲ್ಲಿಸಿ ಇಳಿದು ಇಣುಕಿದೆ. ಒಳಗೆ ಯಾರೂ ಇಲ್ಲ. ಸೀಟಿನ ಮೇಲೆ ಹೋಟೆಲಿನ ಅಲ್ಯೂಮಿನಿಯಂ ಊರುಗೋಲುಗಳ ಖಾಲಿ ಚೀಲ... ನಮ್ಮ ಕಣ್ಣು ತಪ್ಪಿಸಿ ಆಲ್ಬನ್ ಅವರನ್ನು ತೋಟದೊಳಗಿಂದ ಹತ್ತಿಸಿದ್ದಾನೆ. ನಾವು ಗೋಡೆ ನೋಡಿಕೊಂಡು ನೆಮ್ಮದಿಯಾಗಿದ್ದೆವು.

ಬಸ್ಸಿಗೆ ವಾಪಸ್ ಬಂದು, ಹುಡುಕಲು ಹೋಗಬೇಕು ಎಂದೆ.

"ಮುಷ್ಕರ ಮುರಿದೋನಿಗೆ ಕಟ್ಟಳೆ ಗಿಟ್ಟಳೆ ಇಲ್ಲ," ಹಿಂದಿನ ಸೀಟಿನಿಂದ ಒಬ್ಬ ಗೈಡ್.

"ಮುರಿಸಿದ ಮ್ಯಾನೇಜರ್ ಎಲ್ಲಿದಾನೆ ಗೊತ್ತಾ? ಮೊದಲನೇ ದೋಣೀಲಿ ಪಕ್ಕದ ದ್ವೀಪಕ್ಕೆ ದಾಟಿದ. ಮಿಸ್ ಆಟ್ಲಿ ಕಣ್ಣಾರೆ ನೋಡಿದಾಳೆ," ಎಂದೆ. "ನಾವು ಸಂಘ ಕಟ್ಟಿದ್ದು ಯಾರೂ ಸಾಯಬಾರದು ಅಂತ. ಯಾರು ಸಾಯಬಹುದು ಅಂತ ಆರಿಸೋಕಲ್ಲ."

ಕ್ಲೀವ್ ಇಳಿದ.

"ನಿನ್ನ ಗಂಡ ಸಿಗ್ಲಿ ಮಗಳೇ. ಮೊದಲ್ನೇ ಏಟು ನಂದು."

ಅದೇ ದಿನ, ಮಧ್ಯಾಹ್ನ ಇರಬೇಕು — ಕತ್ತಲು

ಅರ್ಧ ದಾರಿಯ ಗುಡಿಸಲು. ಬೆಟ್ಟ ಸಿಡಿದು ಬೂದಿ ಸುರಿಯುತ್ತಿದೆ. ಪ್ರವಾಸಿ ಗಂಡ ಹೆಂಡತಿ ಇಲ್ಲೇ ಸಿಕ್ಕರು. ತಲೆಯಿಂದ ಕಾಲಿನವರೆಗೆ ಬೂದು ಬಣ್ಣ. ಅವಳ ಕಾಲು ಉಳುಕಿದೆ, ಕ್ಲೀವ್ ಬಟ್ಟೆ ಕಟ್ಟುತ್ತಿದ್ದಾನೆ. ಆಲ್ಬನ್ ಇಲ್ಲ.

"ನನ್ನ ತಮ್ಮ ಇನ್ನೊಂದೇ ಫೋಟೋ ಅಂತ ಕುಳಿ ಅಂಚಿಗೆ ಹೋದ," ಎಂದಳು. "ಡ್ರೈವರ್ ನಮ್ಮನ್ನ ಇಳೀರಿ ಅಂತ ಕಳಿಸಿ, ಅವನನ್ನ ಕರ್ಕೊಂಡು ಬರೋಕೆ ವಾಪಸ್ ಹೋದ್ರು." ಆ ಡ್ರೈವರ್ ನನಗೆ ಯಾರು ಎಂದು ಅವಳಿಗೆ ಗೊತ್ತಿಲ್ಲ. ಹೇಳಲಿಲ್ಲ.

ಇವರನ್ನು ಕ್ಲೀವ್ ಇಳಿಸುತ್ತಾನೆ. ನಾನು ಮೇಲಕ್ಕೆ. ತಡೆದ, ಬೈದ, ತನ್ನ ನೀರಿನ ಬಾಟಲಿ ಕೊಟ್ಟ.

ಬೆಟ್ಟ ಬಲಿ ತೆಗೆದುಕೊಂಡಿತು ಎಂದು ನಾಳೆ ಪೇಪರಿನವರು ಬರೆಯಬಹುದು. ಸುಳ್ಳು. ಬೆಟ್ಟ ಯಾರನ್ನೂ ಕರೆಸಿಕೊಳ್ಳಲಿಲ್ಲ.

ಹೊರಗೆ ಹೋಗಿ ಕೂಗಿದೆ. ಮತ್ತೆ ಕೂಗಿದೆ... ಮೇಲಿಂದ ಯಾರೋ ಓಗೊಟ್ಟರು. ಒಬ್ಬರದೇ ದನಿ. ಬೂದಿ ಕಟ್ಟಿದ ಗಂಟಲು — ಯಾರದೆಂದು ತಿಳಿಯಲಿಲ್ಲ. ಆಲ್ಬನ್ ಆಗಲಿ, ಆ ತಮ್ಮನಾಗಲಿ — ಹೊರಟೆ.