ಬಾಯಿ ತುಂಬ ಎಣ್ಣೆ

ಕಾಲೇಜ್ ಹಾಸ್ಟೆಲ್, ಎರಡನೇ ಮಹಡಿ, ಮೆಟ್ಟಿಲ ಪಕ್ಕದ ರೂಮು
ಸೆಪ್ಟೆಂಬರ್ 14, ಶನಿವಾರ

ಪ್ರೀತಿಯ ಚಿಕ್ಕಮ್ಮಾ,

ಹೇಗಿದ್ದೀಯ? ಹೊಲಿಗೆ ಮಷಿನ್ ತುಳಿದು ತುಳಿದು ಮತ್ತೆ ಮೊಣಕಾಲು ಹಿಡಿದುಕೊಂಡಿದೆಯಾ? ಚಿಕ್ಕಪ್ಪನ ಕೆಮ್ಮು ಕಡಿಮೆಯಾಯಿತಾ? ನನ್ನ ಕನ್ನಡದಲ್ಲಿ ಇಂಗ್ಲಿಷ್ ಕಲಬೆರಕೆ ಕಂಡರೆ ಬೈಯಬೇಡ. ಆರನೇ ಕ್ಲಾಸಿಗೇ ಇಂಗ್ಲಿಷ್ ಶಾಲೆಯ ಹಾಸ್ಟೆಲ್ಲಿಗೆ ಹಾಕಿದವಳು ನೀನೇ.

ಒಸಡಿನ ವಿಷಯ ಕೇಳಿದ್ದೆಯಲ್ಲ. ನೀನು ಹೇಳಿದ ಹಾಗೇ ಮಾಡುತ್ತಿದ್ದೇನೆ. ಊಟವಾದ ಮೇಲೆ ಉಗುರುಬೆಚ್ಚಗಿನ ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸುತ್ತೇನೆ, ದವಡೆಯ ಕೊನೆಯಲ್ಲಿ ಹೊಸ ಹಲ್ಲು ಮೊಳೆಯುವ ಕಡೆ ಒಂದು ಲವಂಗ ಒತ್ತಿಕೊಳ್ಳುತ್ತೇನೆ. ಬೆಳಿಗ್ಗೆ ಹಲ್ಲುಜ್ಜುವ ಮುಂಚೆ ಒಂದು ಚಮಚ ಎಳ್ಳೆಣ್ಣೆ. ಅದು ತೆಳ್ಳಗೆ, ಬೆಳ್ಳಗೆ ಆಗುವ ತನಕ ಬಾಯಲ್ಲಿ ಆಡಿಸಿ, ಬೇಸಿನ್ನಿಗೆ ಉಗಿಯದೆ ಕಸದ ಬುಟ್ಟಿಗೇ ಉಗಿಯುತ್ತೇನೆ. ಪೈಪು ಕಟ್ಟಿಕೊಂಡರೆ ವಾರ್ಡನ್ ನನಗೇ ಉಗಿಯುತ್ತಾರೆ.

ನೆನಪಿದೆಯಾ, ನೀನು ಎಣ್ಣೆ ಬಾಯಲ್ಲಿಟ್ಟುಕೊಂಡು ಗುಂಡಿಗೆ ಕಾಜಾ ಹೊಲಿಯುವಾಗ ಚಿಕ್ಕಪ್ಪ ಎಷ್ಟು ಕೂಗಾಡಿದರೂ ‘ಹ್ಞೂಂ, ಹ್ಞೂಂ’ ಅಷ್ಟೇ. ‘ಗೋಡೆ ಹತ್ರ ಮಾತಾಡ್ದಂಗಾಯ್ತು’ ಅಂತ ಅವರೇ ಸೋತು ಪೇಪರ್ ಹಿಡಿಯುತ್ತಿದ್ದರು. ಆ ಉಪಾಯ ನನಗೂ ಒಗ್ಗಿಬಿಟ್ಟಿದೆ. ಇಲ್ಲಿ ನಲ್ಲಿಗಳ ಸಾಲಿನಲ್ಲಿ ಎಲ್ಲರೂ ಬ್ರಷ್ ಹಿಡಿದು ಒಬ್ಬರ ಮೇಲೊಬ್ಬರು ಬಿದ್ದು ಮಾತಾಡುತ್ತಾರೆ. ಎದುರು ರೂಮಿನ ಗುಂಗುರು ಕೂದಲಿನವಳು, ನಾನು ಈ ಕಾಲೇಜಿಗೆ ಬಂದ ಮೊದಲ ವಾರ, ‘ಏನೇ ನಿನ್ನ ಸಬ್ಜೆಕ್ಟು?’ ಅಂದಳು. ನಾನು ಉಬ್ಬಿದ ಕೆನ್ನೆ ತೋರಿಸಿದೆ. ‘ಓಹೋ, ಎಣ್ಣೆ ಬುಡ್ಡಿ!’ ಅಂತ ನಕ್ಕಳು. ಆಮೇಲೆ ಯಾರೂ ಏನೂ ಕೇಳಲಿಲ್ಲ. ಕೇಳಿದ್ದರೂ ಏನು ಹೇಳುತ್ತಿದ್ದೆನೋ! ಬಾಯಿ ತೆರೆದರೆ ಅರ್ಧ ಇಂಗ್ಲಿಷು, ಅರ್ಧ ಕನ್ನಡ, ಯಾವುದೂ ನೆಟ್ಟಗಿಲ್ಲ. ಅದಕ್ಕೇ ಈಗ ಎಲ್ಲರೂ ಮೆಸ್ಸಿಗೆ ಇಳಿದುಹೋಗುವ ತನಕ ಎಣ್ಣೆ ಉಗಿಯುವುದೇ ಇಲ್ಲ. ಉಗಿದ ಮೇಲೆ ಅಷ್ಟುದ್ದದ ಕಾರಿಡಾರಿನಲ್ಲಿ ಉಳಿಯುವುದು ತೊಟ್ಟಿಕ್ಕುವ ಒಂದು ನಲ್ಲಿ ಮತ್ತು ನಾನು. ನಿಜ ಹೇಳಲಾ? ಒಸಡು ವಾಸಿಯಾಗಿ ಎಷ್ಟೋ ದಿನವಾಯಿತು.

ಇವತ್ತು ಬೆಳಿಗ್ಗೆ ಆ ಗುಂಗುರು ಕೂದಲಿನವಳು ಒಬ್ಬಳೇ ಬಂದಳು. ಒಂದು ಕೆನ್ನೆ ಬನ್ನಿನ ಹಾಗೆ ಊದಿತ್ತು, ಕಣ್ಣು ಕೆಂಪಗಿತ್ತು. ‘ಎಣ್ಣೆ ಬುಡ್ಡಿ, ನಿಂಗೆ ಗೊತ್ತಿರತ್ತಲ್ಲ, ಏನ್ ಮಾಡ್ಲೇ?’ ಅಂದಳು. ನನ್ನ ಬಾಯಿ ತುಂಬ ಎಣ್ಣೆ. ಬುಟ್ಟಿಯ ಕಡೆ ಓಡಿ ಉಗಿದು ತಿರುಗುವಷ್ಟರಲ್ಲಿ ‘ಬಿಡು, ಸುಮ್ನೆ ಕೇಳ್ದೆ’ ಅಂದು ಹೊರಟೇಹೋದಳು. ಅವಳ ಬಾಗಿಲ ಮುಂದೆ ಹೋಗಿ ನಿಂತೆ, ತಟ್ಟಲು ಕೈಯನ್ನೂ ಎತ್ತಿದೆ. ಹೇಳಬೇಕಾದ್ದನ್ನು ಮನಸ್ಸಿನಲ್ಲೇ ಜೋಡಿಸಿ ಜೋಡಿಸಿ ಸಾಕಾಗಿ, ವಾಪಸ್ ಬಂದು ನಿನಗೆ ಬರೆಯಲು ಕೂತೆ. ನಿನ್ನ ಹತ್ತಿರ ಮಾತ್ರ ಮಾತು ತಾನಾಗಿ ಬರುತ್ತದೆ.

ಎಣ್ಣೆ ಸೀಸೆಯ ತಳ ಕಾಣುತ್ತಿದೆ. ಇನ್ನೊಂದು ಕಳಿಸು. ದೊಡ್ಡದೇ ಕಳಿಸು.

ಇಬ್ಬರಿಗೂ ನಮಸ್ಕಾರ. ದೀಪ ಹಾಕದೆ ಸೂಜಿಗೆ ದಾರ ಪೋಣಿಸಬೇಡ.

ನಿನ್ನ
ಬಾಲಂಗೋಚಿ

ತಾ.ಕ.: ಕವರ್ ಅಂಟಿಸಲು ಹೊರಟಾಗ ನೀನು ಬೈಯುತ್ತಿದ್ದುದು ನೆನಪಾಯಿತು, ‘ಕೆನ್ನೆ ಊದ್ಕೊಂಡ್ರೆ ಎಣ್ಣೆ ಗಿಣ್ಣೆ ಎಲ್ಲಾ ಬಿಟ್ಟು ಸೀದಾ ಡಾಕ್ಟರ್ ಹತ್ರ ನಡಿ!’ ಹೋಗಿ ಬಾಗಿಲು ತಟ್ಟಿದೆ. ಏನಂದೆನೋ, ಯಾವ ಭಾಷೆಯಲ್ಲಿ ಅಂದೆನೋ ನನಗೇ ಗೊತ್ತಿಲ್ಲ. ಹಲ್ಲಿನ ಡಾಕ್ಟರಿಗೆ ಫೋನ್ ಮಾಡಿದೆ, ಈಗಲೇ ಬನ್ನಿ ಅಂದರು. ಅವಳು ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ಕಾಯುತ್ತಿದ್ದಾಳೆ. ಪಾಪ, ಬಾಯಿ ತೆರೆಯಲೂ ಆಗುತ್ತಿಲ್ಲ, ಬರೀ ಕೈಸನ್ನೆ. ಅಲ್ಲಿ ಇಬ್ಬರ ಮಾತನ್ನೂ ನಾನೇ ಆಡಬೇಕು. ಎಣ್ಣೆ ಸದ್ಯಕ್ಕೆ ಬೇಡ.