ಬಚ್ಚಲಿನ ಬಿಸಿನೀರು

ಗುರುವಾರ, ನವೆಂಬರ್ ಹದಿನಾಲ್ಕು

ಅಮ್ಮನನ್ನು ನೆನೆದರೆ ಮೈಯೆಲ್ಲ ಉರಿಯುತ್ತಿದೆ. ತಮ್ಮನ ಮೇಲೂ ಇಷ್ಟು ಸಿಟ್ಟಿಲ್ಲ.

ಅವನ ವಾಂತಿಗೆ ಸ್ಕ್ಯಾನ್, ಎಂಡೋಸ್ಕೋಪಿ ಎಲ್ಲ ಮಾಡಿಸಿಯಾಗಿತ್ತು. ಇವತ್ತು ಎಮರ್ಜೆನ್ಸಿಯ ಡಾಕ್ಟರಮ್ಮ ಕೇಳಿದ್ದು ಒಂದೇ: "ಮೈಮೇಲೆ ಬಿಸಿನೀರು ಸುರ್ಕೊಂಡ್ರೆ ಕಮ್ಮಿ ಆಗುತ್ತಾ?"

"ಬಚ್ಚಲಲ್ಲೇ ಇವನ ಸಂಸಾರ," ಎಂದೆ.

"ಗಾಂಜಾ ಎಷ್ಟು ವರ್ಷದಿಂದ?"

ಅವನು ತಲೆ ತಗ್ಗಿಸಿದ. ವಾಂತಿಗೆ ಅದೇ ಕಾರಣವಂತೆ; ಬಿಸಿನೀರಿಗೆ ತಗ್ಗುವುದೇ ಅದರ ಗುರುತಂತೆ. ಡ್ರಿಪ್ ಹಾಕಿ, ಹೊಟ್ಟೆಗೆ ಮೆಣಸಿನಕಾಯಿ ಖಾರದ ಮುಲಾಮು ಹಚ್ಚಿದರು. ಸಂಜೆಗೆ ವಾಂತಿ ನಿಂತಿತು. "ಇದು ಇವತ್ತಿಗೆ ಮಾತ್ರ. ಸೇದೋದು ಪೂರ್ತಿ ಬಿಟ್ರೇನೇ ವಾಸಿ," ಎಂದು ಅಮ್ಮನಿಗೂ ಬಿಡಿಸಿ ಹೇಳಿದರು. ಅಮ್ಮ ಕೋಲೆಬಸವನಂತೆ ತಲೆಯಾಡಿಸಿದಳು.

ಮನೆಗೆ ಬಂದವಳೇ ಅವನ ಪೊಟ್ಟಣ ಕಿತ್ತುಕೊಂಡು, ಎಸೆದುಬಿಡು ಎಂದು ಅಮ್ಮನ ಕೈಗೆ ಕೊಟ್ಟೆ. ಊಟವಾದ ಮೇಲೆ, ಎಸೆದೆಯಾ ಎಂದು ಕೇಳಿದರೆ, "ಹೊಟ್ಟೆ ತೊಳಸುತ್ತೆ, ಸೇದಿದ್ರೆ ಸರಿಹೋಗುತ್ತೆ ಅಂದ ಕಣೇ. ಒಂದೇ ಒಂದು ಸಲ ಅಂತ ಕೊಟ್ಟೆ. ಹೆತ್ತ ಕರುಳು ಕೇಳಬೇಕಲ್ಲ..."

ಕರುಳಂತೆ ಕರುಳು! ಕಿತ್ತು ಬಾಯಿಗೆ ಬರುತ್ತಿರುವುದು ಯಾರದ್ದು?

ಈಗ ಬಚ್ಚಲಲ್ಲಿ ಮತ್ತೆ ನೀರಿನ ಸದ್ದು. ಬಾಗಿಲ ಹೊರಗೆ ಅಮ್ಮ ಟವೆಲ್ ಹಿಡಿದು ನಿಂತು ಕೇಳುತ್ತಿದ್ದಾಳೆ: "ನೀರು ಚೆನ್ನಾಗಿ ಕಾದಿದ್ಯೇನೋ, ಕಂದಾ?"